ಸೊನ್ನೆ ಯೂನಿಟ್ಟಿನ ಸೂತಕ

ಬೇಲೂರಿನ ನಮ್ಮ ಬೀದಿಯವರು ಸತ್ತವರಿಗಾಗಿ ಅತ್ತದ್ದುಂಟು, ಊರು ಬಿಟ್ಟು ಹೋದವರಿಗಾಗಿ ಅತ್ತದ್ದುಂಟು. ಆದರೆ ಕಣ್ಣಿನ ಪೊರೆ ತೆಗೆಸಿಕೊಂಡು ಅರಸೀಕೆರೆಯ ಮಗಳ ಮನೆಯಲ್ಲಿ ಹಾಯಾಗಿ ಕಾಫಿ ಕುಡಿಯುತ್ತಿದ್ದ ಎಂಬತ್ನಾಲ್ಕು ವರ್ಷದ ಮುದುಕಿಗಾಗಿ ಆರು ದಿನ ಸಾಲಾಗಿ ದುಃಖಿಸಿದ್ದು ಅದೇ ಮೊದಲು. ಇದರ ಹೊಣೆ ಯಾರದೆಂಬ ಬಗ್ಗೆ ಬೀದಿಯಲ್ಲಿ ಎರಡು ಪಕ್ಷಗಳಿವೆ. ಒಂದು ಪಕ್ಷ ಎದುರುಮನೆಯ ಸಂಪತ್ಕುಮಾರರದು ಅನ್ನುತ್ತದೆ. ಇನ್ನೊಂದು ನನ್ನ ಹೆಂಡತಿ ಲಲಿತಮ್ಮನದು ಅನ್ನುತ್ತದೆ. ನನಗೆ ದಿನವೂ ಊಟ ಬಡಿಸುವವರು ಯಾರೆಂದು ನನಗೆ ಚೆನ್ನಾಗಿ ಗೊತ್ತಿರುವುದರಿಂದ ನಾನು ಮೊದಲನೆಯ ಪಕ್ಷ.

ಸಂಪತ್ಕುಮಾರರು ಹೈಸ್ಕೂಲೊಂದರಲ್ಲಿ ಗುಮಾಸ್ತರು. ಒಳ್ಳೆಯವರು, ಆದರೆ ಯಾವುದನ್ನೂ ಅಳತೆಯಲ್ಲಿ ಮಾಡುವವರಲ್ಲ. ಉಪ್ಪು ಸ್ವಲ್ಪ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದರೆ ಉಪ್ಪಿನಕಾಯಿಯ ಜಾಡಿಗಳನ್ನೇ ನಮ್ಮ ಮನೆಗೆ ದಾನ ಮಾಡಿ ಹೋದವರು. ಮೂರನೆಯ ದಿನ ಸಪ್ಪೆ ಸಾರು ತಿನ್ನಲಾರದೆ ವಾಪಸು ಕೇಳಲು ಬಂದಾಗ ಒಂದು ಜಾಡಿ ಖಾಲಿಯಾಗಿತ್ತು, ಆ ಮಾತು ಬೇರೆ.

ನಮ್ಮ ಬೀದಿಯ ಕೊನೆಯಲ್ಲೊಂದು ಸಣ್ಣ ರಾಮದೇವರ ಗುಡಿ ಇದೆ. ಊರಿಗೆ ಬರುವ ಪ್ರವಾಸಿಗಳಲ್ಲಿ ಒಬ್ಬರೂ ಅದರ ಕಡೆ ಕ್ಯಾಮೆರಾ ತಿರುಗಿಸುವುದಿಲ್ಲ, ಹಾಗಾಗಿ ಅದು ಇನ್ನೂ ನಮ್ಮದಾಗಿಯೇ ಉಳಿದಿದೆ. ರಾಮನವಮಿ ಕಳೆದು ಪಟ್ಟಾಭಿಷೇಕದ ಸಂಜೆ, ಸರದಿಯ ಮನೆಯ ಯಜಮಾನ ದೇವರ ಕಿರೀಟವನ್ನು ತಲೆಯ ಮೇಲೆ ಹೊತ್ತು ಗುಡಿಗೆ ಮೂರು ಸುತ್ತು ಬಂದು ಅರ್ಚಕರ ಕೈಗೆ ಕೊಡಬೇಕು. ಹನ್ನೊಂದು ಮನೆತನಗಳು, ವರ್ಷಕ್ಕೊಂದು ಮನೆಯ ಸರದಿ. ಮನೆಯಲ್ಲಿ ಸಾವಾಗಿ ಹತ್ತು ದಿನದ ಸೂತಕ ಬಂದರೆ ಗುಡಿಯೊಳಗೆ ಕಾಲಿಡುವಂತಿಲ್ಲ. ಸೇವೆ ಮುಂದಿನ ಮನೆಗೆ ಹೋಗುತ್ತದೆ. ಹೋದರೆ ಮತ್ತೆ ಹನ್ನೊಂದು ವರ್ಷ ಕಾಯಬೇಕು. ಹಿಂದಿನ ಸರದಿಯಲ್ಲಿ ಸಂಪತ್ಕುಮಾರರಿಗೆ ಹೀಗೇ ಆಗಿತ್ತು. ಸೇವೆಯ ಹಿಂದಿನ ದಿನವೇ ಅವರ ಚಿಕ್ಕಪ್ಪ ತೀರಿಕೊಂಡರು.

ಅವರ ತಾಯಿ ಚೆಲುವಾಂಬನವರು ಇಪ್ಪತ್ತೆರಡು ವರ್ಷದ ಹಿಂದೆ ಗಂಡ ಆ ಕಿರೀಟ ಹೊತ್ತದ್ದನ್ನು ಕಂಡವರು. ಮಗ ಹೊರುವುದನ್ನೂ ಕಾಣಬೇಕೆಂಬುದು ಅವರಿಗೆ ಉಳಿದಿದ್ದ ಒಂದೇ ಆಸೆ. ಆದರೆ ಎರಡು ವರ್ಷದಿಂದ ಪೊರೆ ಬೆಳೆದು, ಎದುರಿಗೆ ನಿಂತವರು ಗಂಡಸೋ ಹೆಂಗಸೋ ಎಂದು ದನಿ ಕೇಳಿ ಹೇಳುವ ಹಾಗಾಗಿತ್ತು.

"ಇನ್ನೊಂದು ಸರದಿಗೆ ನಾನಿರಲ್ಲ ಕಣೋ ಸಂಪತ್ತು. ಈ ಸಲ ಕಣ್ತುಂಬ ನೋಡ್ಬಿಡ್ತೀನಿ" ಎಂದು ಹಟ ಹಿಡಿದು, ಸೇವೆಗೆ ಹನ್ನೊಂದು ದಿನ ಮುಂಚೆ, ಸೋಮವಾರ, ಆಪರೇಷನ್ನಿಗೆಂದು ಅರಸೀಕೆರೆಗೆ ಮಗಳ ಮನೆಗೆ ಹೊರಟರು. ಕಣ್ಣಿನ ವಿಚಾರ ಬೀದಿಗೆ ಗೊತ್ತಾದರೆ ದೃಷ್ಟಿ ತಾಗುತ್ತದೆಂದು ನಮಗೆಲ್ಲ "ಮಗಳನ್ನ ನೋಡ್ಕೊಂಡು ಬರ್ತೀನಿ" ಎಂದಷ್ಟೇ ಹೇಳಿದರು.

ಅದೇ ವಾರ ಲೈನ್‌ಮ್ಯಾನ್ ಜವರಪ್ಪ ಬೀದಿಗೆ ಬಂದ. ಜಾವಗಲ್ ಕಡೆಯವನು. ಕಂಬ ಹತ್ತುವಾಗ ಮಾತ್ರ ಬಾಯಿ ಮುಚ್ಚುವವನು. ನಮ್ಮ ಬೀದಿಗೆ ಹೊಸ ಮೀಟರುಗಳು ಬಂದಿದ್ದವಲ್ಲ, ಅವುಗಳ ಮೇಲೊಂದು ಪ್ರಯೋಗ.

"ಸಂಜೆ ಆರರಿಂದ ಹತ್ತು ಗಂಟೆಗಂಟ ಇಡೀ ರಾಜ್ಯ ಒಟ್ಟಿಗೇ ಸ್ವಿಚ್ ಒತ್ತತೈತೆ ಸಾರ್. ಕರೆಂಟು ಸಾಲಕಿಲ್ಲ. ಅದ್ಕೇ ನೀರ್ ಕಾಯ್ಸೋದು, ಬಟ್ಟೆ ಒಗಿಯೋದು, ರುಬ್ಬೋದು, ಮೋಟ್ರು, ಇವ್ನೆಲ್ಲ ಮಧ್ಯಾಹ್ನ ಮಾಡ್ಕಳಿ. ಹತ್ತು ದಿನ. ಬೀದೀಲಿ ಯಾರು ಸಂಜೆ ಹೊತ್ತು ಜಾಸ್ತಿ ಉಳಿಸ್ತಾರೋ ಅವ್ರಿಗೆ ಬಿಲ್ಲಲ್ಲಿ ಬಹುಮಾನ, ಮ್ಯಾಲೊಂದು ಪ್ರಶಸ್ತಿಪತ್ರ. ದೀಪ, ಫ್ಯಾನು ಹಾಕ್ಕಳಿ, ಅದ್ಕೇನೂ ಅಡ್ಡಿ ಇಲ್ಲ."

ನಾವೆಲ್ಲ ಸಹಿ ಹಾಕಿದೆವು. ಹಾಕಿ, ಸರ್ಕಾರಿ ಕಾಗದಕ್ಕೆ ಸಹಿ ಹಾಕಿದವರು ಮಾಡುವಂತೆ, ಮರೆತುಬಿಟ್ಟೆವು. ಸಂಪತ್ಕುಮಾರರು ಮರೆಯಲಿಲ್ಲ. ಅವರ ಪಕ್ಕದ ಮನೆಯ ರಘುರಾಮ್ ಕೂಡ ಸಹಿ ಹಾಕಿದ್ದು ಅವರನ್ನು ಕೆಣಕಿತ್ತು. ರಘುರಾಮ್ ಬ್ಯಾಂಕಿನಿಂದ ನಿವೃತ್ತರಾದವರು. ಎಲ್ಲದರಲ್ಲೂ ಒಂದು ಕೈ ಮೇಲೆ. ಕಿರೀಟದ ಸರದಿಯಲ್ಲೂ ಸಂಪತ್ಕುಮಾರರ ಮುಂದಿನ ಮನೆ ಅವರದೇ.

"ಉಳಿಸೋದು ಸಾಮಾನ್ಯರ ಮಾತು, ಚಿತ್ರಾ. ನಮ್ಮದು ಸೊನ್ನೆ" ಎಂದು ಹೆಂಡತಿಗೆ ಘೋಷಿಸಿದರು. "ಬೀದೀಲಿ ಯಾರಿಗೂ ಬಾಯಿ ಬಿಡಬೇಡ. ಉಪಾಯ ಕದ್ದುಬಿಡ್ತಾರೆ."

ಚಿತ್ರಾ ಮೂವತ್ತು ವರ್ಷದ ಸಂಸಾರ ಕಂಡ ಹೆಂಗಸು. "ಸೊನ್ನೆ ನಿಮಗೆ ಹೊಸದೇನಲ್ಲ ಬಿಡಿ" ಅಂದರು.

ಗುರುವಾರ ಸಂಜೆ ಆರು ಹೊಡೆಯುತ್ತಲೇ ಸಂಪತ್ಕುಮಾರರು ಮೇನ್ ಸ್ವಿಚ್ಚನ್ನು ಕೆಳಗೆಳೆದರು. ಫ್ಯಾನು ನಿಂತಿತು. ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು. ನಡುಮನೆಯ ನೆಲದ ಮೇಲೆ ಒಂದೇ ಒಂದು ಎಣ್ಣೆದೀಪ ಇಟ್ಟರು. ಏಪ್ರಿಲ್ ತಿಂಗಳ ಸೆಖೆಗೆ ಮಂಚ ಬಿಟ್ಟು ನೆಲಕ್ಕೆ ಚಾಪೆ ಹಾಸಿದರು. ಈ ಮಹಾಕಾರ್ಯಕ್ಕೆ ಸ್ಕೂಲಿನಲ್ಲಿ ಸರಿಯಾಗಿ ಹತ್ತು ದಿನ ರಜೆಯನ್ನೂ ಹಾಕಿದ್ದರು.

ಎದುರುಮನೆಯ ಕಿಟಕಿಯಲ್ಲಿ ನನ್ನ ಹೆಂಡತಿ ನಿಂತಿದ್ದಳು.

"ರೀ, ದೀಪ ಹಚ್ಚೋ ಹೊತ್ತು. ಎದುರುಮನೆ ಕತ್ತಲೆ."

"ಫ್ಯೂಸ್ ಹೋಗಿರ್ಬೇಕು" ಎಂದೆ.

ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಲಲಿತಮ್ಮ ನನ್ನನ್ನು ನಿದ್ದೆಯಿಂದ ಅಲ್ಲಾಡಿಸಿದಳು. "ಏಳಿ. ಅವರ ಮನೇಲಿ ಇಬ್ಬರೂ ತಲೆಗೆ ನೀರು ಹಾಕ್ಕೊಂಡಿದಾರೆ. ಈ ಅವೇಳೇಲಿ!" ಹಿತ್ತಲಲ್ಲಿ ಚಿತ್ರಾ ಒದ್ದೆ ಕೂದಲು ಬಿಚ್ಚಿಕೊಂಡು ನಿಂತಿದ್ದರು. ತಂತಿಯ ಮೇಲೆ ಮನೆಯ ಹಾಸಿಗೆ ಹೊದಿಕೆಗಳೆಲ್ಲ ಒಗೆದು ಹರವಿದ್ದವು. ಬಿಸಿನೀರನ್ನೂ ಒಗೆಯುವ ಮಷೀನನ್ನೂ ಮಧ್ಯಾಹ್ನಕ್ಕೆ ಬದಲಾಯಿಸಿದ್ದರ ಫಲ ಅದು. ಆದರೆ ನಮ್ಮ ಕಡೆ ಅವೇಳೆಯಲ್ಲಿ ಇಡೀ ಮನೆ ತಲೆಸ್ನಾನ ಮಾಡಿ ಹಾಸಿಗೆ ಒಗೆದರೆ ಅದಕ್ಕೆ ಅರ್ಥ ಒಂದೇ. ಹತ್ತಿರದವರ ಸಾವಿನ ಸುದ್ದಿ ಬಂದಿದೆ.

"ಕತ್ತಲೆ ಮನೆ, ನೆಲದ ಮೇಲೆ ಒಂಟಿ ದೀಪ, ಚಾಪೆ, ಅವೇಳೆ ಸ್ನಾನ, ಹತ್ತು ದಿನ ರಜ" ಎಂದು ಲಲಿತಮ್ಮ ಬೆರಳು ಮಡಿಸಿದಳು. "ಮುದುಕಮ್ಮ ಊರಲ್ಲಿಲ್ಲ. ಇನ್ನೇನು ಹೇಳಬೇಕು ನಿಮಗೆ?" ಎಂದವಳೇ ಸೆರಗು ಬಾಯಿಗಿಟ್ಟು ಅತ್ತಳು. ನಾನೂ ಕಣ್ಣೊರೆಸಿಕೊಂಡೆ. ಚೆಲುವಾಂಬನವರು ನನ್ನನ್ನು "ಮೇಷ್ಟ್ರೇ" ಎಂದು ಕರೆದು ದಿನಕ್ಕೊಂದು ತಪ್ಪು ತೋರಿಸುತ್ತಿದ್ದವರು.

ಕತ್ತಲಾಗುವುದರೊಳಗೆ ಸುದ್ದಿ ಬೀದಿಯ ಆ ತುದಿ ಮುಟ್ಟಿತು. ಶನಿವಾರ ಸಂಜೆ ನಾವೆಲ್ಲ ಹೋದೆವು. ಸಾವಿನ ಮನೆಗೆ ಹೋಗುವುದಕ್ಕೊಂದು ರೀತಿಯಿದೆ. ಹೋದವರು ಯಾರು ಏನು ಎಂದು ಬಾಯಿಬಿಟ್ಟು ಕೇಳುವುದಿಲ್ಲ. ಸುಮ್ಮನೆ ನೆಲದ ಮೇಲೆ ಕೂರುತ್ತೇವೆ. ಹೊರಡುವಾಗ "ಬರ್ತೀನಿ" ಅನ್ನುವುದಿಲ್ಲ, ಎದ್ದು ನಡೆಯುತ್ತೇವೆ. ಈ ಒಳ್ಳೆಯ ರೀತಿಯೇ ನಮ್ಮನ್ನು ಹಾಳು ಮಾಡಿತು.

ಕತ್ತಲೆಯಲ್ಲಿ ಹತ್ತು ನಿಮಿಷ ಕೂತ ಮೇಲೆ ರಘುರಾಮ್ ಮೆಲ್ಲನೆ ಬಾಯಿ ತೆರೆದರು. "ಅಮ್ಮನವರದು... ಯಾವಾಗ ಆಯ್ತು?"

ಆಪರೇಷನ್ನಿನ ಗುಟ್ಟು ಅದು ಹೇಗೋ ಬೀದಿಗೆ ತಲುಪಿದೆ ಎಂದುಕೊಂಡ ಸಂಪತ್ಕುಮಾರರು, "ನಿನ್ನೆ ಬೆಳಿಗ್ಗೆ. ಹದಿನೈದೇ ನಿಮಿಷ. ಒಂಚೂರೂ ನೋವಾಗಲಿಲ್ಲವಂತೆ" ಎಂದರು.

"ಪುಣ್ಯವಂತರು" ಎಂದರು ರಘುರಾಮ್. ನಾವೆಲ್ಲ ತಲೆಯಾಡಿಸಿದೆವು.

"ನೀವು ಹೋಗಲಿಲ್ವಾ?" ಎಂದು ಲಲಿತಮ್ಮ ತಡೆಯಲಾರದೆ ಕೇಳಿದಳು.

"ತಂಗಿ ಎಲ್ಲಾ ನೋಡ್ಕೋತೀನಿ ಅಂದಳು. ನಾನು ಅಲ್ಲಿಗೆ ಹೋದರೆ ಇಲ್ಲಿ ಇದನ್ನ ಯಾರು ನೋಡ್ಕೋತಾರೆ?" ಎಂದು ಸಂಪತ್ಕುಮಾರರು ಹೆಮ್ಮೆಯಿಂದ ಕತ್ತಲೆಯ ಕಡೆ ಕೈ ತೋರಿಸಿದರು.

ಹೆತ್ತ ತಾಯಿಯ ಕೊನೆಯ ಕಾರ್ಯಕ್ಕೆ ಹೋಗದ ಮಗ! ಲಲಿತಮ್ಮ ನನ್ನ ತೊಡೆ ಚಿವುಟಿದಳು. ದುಃಖದಲ್ಲಿ ಬುದ್ಧಿ ಸ್ತಿಮಿತ ತಪ್ಪಿರಬೇಕು ಎಂದು ನಾನು ಅವರ ಬೆನ್ನು ಸವರಿದೆ.

"ಇದೆಲ್ಲ ಮುಗಿಯೋದು ಯಾವತ್ತು?" ರಘುರಾಮ್ ಕೇಳಿದರು.

"ಹತ್ತು ದಿನ ತಾನೆ? ಮುಂದಿನ ಶನಿವಾರಕ್ಕೆ ಮುಗೀತು. ಆಮೇಲೆ ಎಲ್ಲಾ ಮೊದಲಿನ ಹಾಗೇ."

ಕಿರೀಟದ ಸೇವೆ ಶುಕ್ರವಾರ. ಶನಿವಾರಕ್ಕಿಂತ ಒಂದು ದಿನ ಮುಂಚೆ. ರಘುರಾಮ್ ಒಂದು ದೊಡ್ಡ ನಿಟ್ಟುಸಿರು ಬಿಟ್ಟರು. ಅದರಲ್ಲಿ ಮುಕ್ಕಾಲು ಪಾಲು ದುಃಖವಿತ್ತು. ಉಳಿದ ಕಾಲು ಪಾಲು ಏನೆಂದು ಆ ಕತ್ತಲೆಯಲ್ಲಿ ಕಾಣಲಿಲ್ಲ.

ನಾವು ಎದ್ದು ಹೊರಟ ಮೇಲೆ ಸಂಪತ್ಕುಮಾರರು ಹೆಂಡತಿಗೆ ಹೇಳಿದರಂತೆ: "ನೋಡಿದ್ಯಾ? ಎಲ್ಲ ಉಪಾಯ ಕದಿಯೋಕೆ ಬಂದಿದ್ದು. ಯಾವತ್ತು ಮುಗಿಯುತ್ತೆ ಅಂತ ಬೇರೆ ಕೇಳ್ತಾನೆ. ಹೋಗ್ತಾ ಒಬ್ಬರಾದರೂ ಬರ್ತೀನಿ ಅಂದ್ರಾ? ಹೊಟ್ಟೆಕಿಚ್ಚು!"

ಅಂದಿನಿಂದ ಬೀದಿಯೆಲ್ಲ ಶೋಕದಲ್ಲಿ ಮುಳುಗಿತು. ಸಂಜೆಯಾದರೆ ಯಾರೂ ಟಿವಿ ಹಾಕಲಿಲ್ಲ. ಸಾವಿನ ಮನೆಯ ಮುಂದೆ ಧಾರಾವಾಹಿಯವರು ಕಿರುಚಾಡಿದರೆ ಚೆನ್ನಾಗಿರುತ್ತದೆಯೇ? ಮಿಕ್ಸಿಗಳು ಬಾಯಿ ಮುಚ್ಚಿದವು. ನಾವು ಮನೆಮನೆಯವರು ಬೀಗ ಹಾಕಿಕೊಂಡು ಬಂದು ಸರದಿಯ ಮೇಲೆ ಸಂಪತ್ಕುಮಾರರ ಕತ್ತಲೆಯಲ್ಲಿ ಕೂತೆವು. ರಘುರಾಮ್ ದಂಪತಿ ಆರಕ್ಕೆ ಬಂದರೆ ಒಂಬತ್ತೂವರೆಗೇ ಏಳುತ್ತಿದ್ದದ್ದು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ನಾವು ಪಾಳಿಯ ಮೇಲೆ ಊಟ ಸಾಗಿಸಿದೆವು.

"ಕಷ್ಟಪಡೋರನ್ನ ಜನ ಗೌರವಿಸ್ತಾರೆ, ನೋಡು" ಎಂದು ಸಂಪತ್ಕುಮಾರರು ಉಂಡರು.

"ಅದು ಸರಿ. ಎಲ್ಲರೂ ಯಾಕ್ರೀ ಮೊಸರನ್ನಾನೇ ತರ್ತಾರೆ? ತಂದೋರು ಯಾಕ್ರೀ ಅಳ್ತಾರೆ?" ಎಂದರು ಚಿತ್ರಾ. ಆದರೆ ಅಡುಗೆ ಮಾಡುವ ಕೆಲಸ ತಪ್ಪಿದ ಹೆಂಗಸು ಇಂಥ ಪ್ರಶ್ನೆಯನ್ನು ಎರಡನೆಯ ಸಲ ಕೇಳುವುದಿಲ್ಲ.

ಮಂಗಳವಾರ ಅರ್ಚಕರು ಸೇವೆಯನ್ನು ರಘುರಾಮರಿಗೆ ಗೊತ್ತುಮಾಡಿದರು. ರಘುರಾಮ್ ಬೇಡವೆಂದರು, ಮತ್ತೆ ಬೇಡವೆಂದರು, ಮೂರನೆಯ ಸಲ ಬೇಡವೆನ್ನುವ ಮೊದಲು ಒಪ್ಪಿಕೊಂಡರು. ಬುಧವಾರ ಬೆಳಿಗ್ಗೆ ಅವರು ತಲೆಯ ಮೇಲೆ ಸ್ಟೀಲಿನ ಡಬರಿ ಹೊತ್ತು ತಮ್ಮ ಮಾಳಿಗೆಯ ಮೇಲೆ ಸುತ್ತು ಹಾಕುತ್ತಿದ್ದರು. ಸಂಪತ್ಕುಮಾರರು ಕೆಳಗಿನಿಂದ ನೋಡಿ ಬೆಚ್ಚಿದರು. "ಚಿತ್ರಾ, ಅವನು ಫ್ರಿಜ್ಜೂ ಆರಿಸಿದಾನೆ ಕಣೇ! ಹಾಲನ್ನ ಗಾಳಿಗೆ ತಂಪು ಮಾಡ್ತಿದಾನೆ!"

ಗುರುವಾರ, ಎಂಟನೆಯ ಸಂಜೆ. ಮರುದಿನ ಸೇವೆ. ಅತ್ತೆ ಬರುತ್ತಾರೆಂದು ಚಿತ್ರಾ ದೋಸೆಗೆ ರುಬ್ಬುತ್ತಿದ್ದರು. ಕಡಲೆಬೇಳೆ ಚಟ್ನಿ ಮಿಕ್ಸಿಯಲ್ಲಿತ್ತು, ಟಿವಿ ಹಾಡುತ್ತಿತ್ತು, ಹಿತ್ತಲಲ್ಲಿ ಮೋಟಾರು ಟ್ಯಾಂಕಿಗೆ ನೀರೆತ್ತುತ್ತಿತ್ತು. ಆರು ಹೊಡೆಯಿತು. "ಎರಡು ನಿಮಿಷ ರೀ!" ಎಂದು ಚಿತ್ರಾ ಕೂಗಿದರೂ ಕೇಳದೆ ಸಂಪತ್ಕುಮಾರರು ಮೇನ್ ಎಳೆದರು. ಎಲ್ಲವೂ ಇದ್ದ ಜಾಗದಲ್ಲಿ, ಇದ್ದ ಹಾಗೇ ನಿಂತವು.

ಏಳರ ಹೊತ್ತಿಗೆ ನಾವು ಹದಿನೈದಿಪ್ಪತ್ತು ಜನ ನಡುಮನೆಯಲ್ಲಿ ಕೂತಿದ್ದೆವು. ರಘುರಾಮ್ ಬೀದಿಯ ಪರವಾಗಿ ಚೆಲುವಾಂಬನವರ ಫೋಟೋವೊಂದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಸುಗಂಧರಾಜದ ಹಾರದ ಸಮೇತ ತಂದಿದ್ದರು. ಅದು ಪೇಪರಿನಲ್ಲಿ ಸುತ್ತಿಕೊಂಡು ಅವರ ತೊಡೆಯ ಮೇಲಿತ್ತು.

"ಸಂಪತ್ತು, ನಾಳೆ ಕಿರೀಟದ ಚಿಂತೆ ಬಿಡಿ" ಎಂದರು. "ನಾನು ಹೊತ್ತು ನಿಮ್ಮ ಹೆಸರಿನಲ್ಲೂ ಕೈ ಮುಗೀತೀನಿ."

ಸಂಪತ್ಕುಮಾರರು ದಡಕ್ಕನೆ ಎದ್ದು ನಿಂತರು. "ನೀವು ಹೊರೋದಾ? ಯಾಕ್ರೀ? ಸರದಿ ನನ್ನದು!"

"ಸೂತಕ ಇದೆಯಲ್ಲಪ್ಪ."

"ಯಾರಿಗೆ ಸೂತಕ? ಯಾರು ಸತ್ತಿದಾರೆ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಅಥವಾ ನೋಡಿಕೊಂಡೆವೆಂದು ತಿಳಿದೆವು, ಕತ್ತಲೆ ಹಾಗಿತ್ತು. ಪಾಪ, ಪೂರ್ತಿ ಹೋಯಿತು ಈ ಮನುಷ್ಯನ ತಲೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುವಷ್ಟರಲ್ಲಿ ಹೊರಗೆ ಆಟೋ ನಿಂತ ಸದ್ದಾಯಿತು. ಬಾಗಿಲಲ್ಲಿ ಒಂದು ಬಿಳಿ ಸೀರೆ ಕಾಣಿಸಿತು. ಸೀರೆಯ ಮೇಲೆ ಒಂದು ದೊಡ್ಡ ಕಪ್ಪು ಕನ್ನಡಕ. ಕೈಯಲ್ಲಿ ಕೋಲು.

"ಸಂಪತ್ತೂ..." ಎಂದಿತು ಅದು.

ಲಲಿತಮ್ಮ "ಅಯ್ಯೋ ರಾಮಾ!" ಎಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ಬಾಗಿಲಿನ ಹತ್ತಿರ ಕೂತಿದ್ದವರು ಗೋಡೆಗೆ ಹೋದರು, ಗೋಡೆಗೆ ಒರಗಿದ್ದವರು ಅಡುಗೆಮನೆಗೆ ಹೋದರು. ರಘುರಾಮ್ ಫೋಟೋವನ್ನು ಎದೆಗೆ ಗುರಾಣಿಯಂತೆ ಹಿಡಿದರು.

"ಸಂಪತ್ತೂ, ಏನೂ ಕಾಣ್ತಿಲ್ವಲ್ಲೋ!" ಮುದುಕಿಯ ದನಿ ನಡುಗಿತು. "ಬಸ್ ಸ್ಟ್ಯಾಂಡಲ್ಲಿ ಬೋರ್ಡು ಓದಿದೆ ಕಣೋ, ಅಕ್ಷರ ಅಕ್ಷರ ಓದಿದೆ. ಮನೆ ಬಾಗಿಲಿಗೆ ಬರೋದ್ರೊಳಗೆ ಕತ್ತಲಾಗೋಯ್ತು. ಯಾರೋ ಅಳ್ತಿದಾರೆ. ಕಣ್ಣು ಹೋಯ್ತು ಕಣೋ. ನಾಳೆ ನಿನ್ನನ್ನ ಹೆಂಗೋ ನೋಡ್ಲಿ?"

ದೆವ್ವ ಹಾಗೆ ಅಳುವುದಿಲ್ಲ. ಹಾಗೆ ಅಳುವುದು ತಾಯಿ ಮಾತ್ರ.

ಸಂಪತ್ಕುಮಾರರು ಗೋಡೆ ತಡವಿಕೊಂಡು ಓಡಿದರು. ಸ್ವಿಚ್ಚಿನ ಮೇಲೆ ಕೈಯಿಟ್ಟರು. ಏಳು ಸಂಜೆಯ ಸೊನ್ನೆ, ಇನ್ನು ಮೂರೇ ಸಂಜೆ, ಪ್ರಶಸ್ತಿಪತ್ರ. ಒಂದು ಕ್ಷಣ ಕೈ ನಿಂತಿತಂತೆ, ಅವರೇ ಆಮೇಲೆ ಒಪ್ಪಿಕೊಂಡರು.

"ಹಾಕ್ರೀ ಮೇನು!" ಎಂದು ಚಿತ್ರಾ ಗುಡುಗಿದರು.

ಹಾಕಿದರು. ಮನೆಯ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು. ಟಿವಿ ಬೊಬ್ಬೆ ಹೊಡೆಯಿತು. ಮುಚ್ಚಳವಿಲ್ಲದ ಮಿಕ್ಸಿ ಅಡುಗೆಮನೆಗೆ ಓಡಿದ್ದವರ ಮೇಲೆಲ್ಲ ಚಟ್ನಿ ಎರಚಿತು. ಗ್ರೈಂಡರು ಗುರುಗುಟ್ಟಿತು, ಮೋಟಾರು ಕೂಗಿತು, ಫ್ಯಾನಿನ ಗಾಳಿಗೆ ರಘುರಾಮರ ಪೇಪರು ಹಾರಿಹೋಯಿತು.

ಚೆಲುವಾಂಬನವರು ಕಪ್ಪು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಸುತ್ತ ನೋಡಿದರು. "ಕಾಣ್ತು" ಎಂದರು. ಉಸಿರು ಬಿಟ್ಟರು. "ಕಾಣ್ತು ಕಣೋ! ಲಲಿತ, ಅದೇ ಹಳೇ ಸೀರೆ ಉಟ್ಟಿದ್ದೀಯಲ್ಲೇ. ಮೇಷ್ಟ್ರೇ, ನಿಮ್ಮ ಕೂದಲೆಲ್ಲ ಯಾವಾಗ ಹೋಯ್ತು?"

ಅಮ್ಮ ಮಗ ಇಬ್ಬರೂ ಅತ್ತರು. ನಾವೂ ಅತ್ತೆವು. ಆರು ದಿನದಿಂದ ಅಭ್ಯಾಸವಾಗಿತ್ತು, ಕಷ್ಟವಾಗಲಿಲ್ಲ. ಆದರೆ ಈ ಸಲದ ಅಳು ಎಷ್ಟು ಹಗುರವಾಗಿತ್ತೆಂದು ಹೇಳಲಾರೆ. ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿ ಬೀದಿಗೆ ಹಾಕಿದ ಹಾಗಿತ್ತು.

ಅಷ್ಟರಲ್ಲಿ ಮುದುಕಿಯ ಹೊಸ ಕಣ್ಣು ರಘುರಾಮರ ಎದೆಯ ಮೇಲೆ ನಿಂತಿತು. ಅಲ್ಲಿ ಅವರದೇ ಫೋಟೋ. ಅದಕ್ಕೆ ಹಾರ.

"ಇದೇನಪ್ಪ ರಘು?"

"ಅದು... ಕಣ್ಣು ಬಂದಿದ್ದಕ್ಕೆ... ಬೀದಿ ಪರವಾಗಿ... ಸನ್ಮಾನ" ಎಂದರು ರಘುರಾಮ್, ಬ್ಯಾಂಕಿನ ಮೂವತ್ತು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ.

ಮುದುಕಿ ದಡ್ಡಿಯಲ್ಲ. ಫೋಟೋ ನೋಡಿದರು, ನೆಲದ ಮೇಲಿನ ಒಂಟಿ ದೀಪ ನೋಡಿದರು, ಸೊಸೆಯ ಬಿಚ್ಚುಗೂದಲು ನೋಡಿದರು. "ನಾನು ಹೋಗಿ ಎಷ್ಟು ದಿನ ಆಯ್ತೇ ಲಲಿತ?" ಎಂದು ಕೇಳಿದರು.

"ಆರು ದಿನ, ಅಮ್ಮ" ಎಂದು ಲಲಿತಮ್ಮ ಬಿಕ್ಕಿದಳು.

"ಹತ್ತನೇ ದಿನದ ಊಟಕ್ಕೆ ಏನೇನು ಅಂತ ಗೊತ್ತು ಮಾಡಿದ್ರಾ?"

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಗ್ರೈಂಡರಿನ ಸದ್ದು ಅಡಗುವಷ್ಟು ನಕ್ಕೆವು. ಚೆಲುವಾಂಬನವರು ರಘುರಾಮರ ಮುಂದೆ ಕತ್ತು ಬಗ್ಗಿಸಿದರು. "ಹಾಕಪ್ಪ ಹಾರ. ಸತ್ತ ಮೇಲೆ ಹಾಕಿದರೆ ನನಗೆ ನೋಡೋಕಾಗುತ್ತಾ? ಸುಳ್ಳು ಸಾವಿನ ಸುದ್ದಿ ಹಬ್ಬಿದರೆ ಆಯುಸ್ಸು ಗಟ್ಟಿಯಂತೆ. ಇನ್ನೊಂದು ಸರದಿಗೂ ಇರ್ತೀನೇನೋ."

ಶುಕ್ರವಾರ ಸಂಜೆ ಏಳು ಗಂಟೆಗೆ, ಇಡೀ ರಾಜ್ಯ ಒಟ್ಟಿಗೇ ಸ್ವಿಚ್ ಒತ್ತುವ ಹೊತ್ತಿನಲ್ಲಿ, ರಾಮದೇವರ ಗುಡಿಯ ದೀಪಗಳೆಲ್ಲ ಉರಿಯುತ್ತಿದ್ದವು. ಸಂಪತ್ಕುಮಾರರು ಕಿರೀಟ ಹೊತ್ತು ಮೊದಲ ಸುತ್ತು ಬಂದರು. ಹಿಂದೆ ರಘುರಾಮ್ ಛತ್ರಿ ಹಿಡಿದಿದ್ದರು. ತಾಯಿ ಕಂಬಕ್ಕೊರಗಿ ಕೂತಿದ್ದರು. ಎರಡನೆಯ ಸುತ್ತಿನಲ್ಲಿ ಮಗ ಎದುರಿಗೆ ಬಂದಾಗ, ವಾದ್ಯದ ನಡುವೆಯೂ ಕೇಳುವಂತೆ ಹೇಳಿದರು:

"ಎಡಕ್ಕೆ ವಾಲಿದೆ ಕಣೋ. ನಿಮ್ಮಪ್ಪಂದೂ ಹಿಂಗೇ ವಾಲಿತ್ತು."

ಸಂಪತ್ಕುಮಾರರು ಕಿರೀಟವನ್ನು ನೇರ ಮಾಡಿಕೊಳ್ಳಲಿಲ್ಲ. ವಾಲಿದ್ದು ಕಂಡಿತಲ್ಲ, ಅದೇ ಸಾಕು ಎಂಬ ಮುಖದಲ್ಲಿ ಮೂರನೆಯ ಸುತ್ತಿಗೆ ನಡೆದರು.

ಹದಿನೈದು ದಿನ ಕಳೆದು ಜವರಪ್ಪ ಪ್ರಶಸ್ತಿಪತ್ರಗಳನ್ನು ತಂದ. ಸಂಪತ್ಕುಮಾರರ ಹೆಸರು ಅದರಲ್ಲಿರಲಿಲ್ಲ.

"ಸೊನ್ನೆ ಬಂದ ಮನೇನ ಲೆಕ್ಕಕ್ಕೇ ತಗಳಕಿಲ್ಲ ಸಾರ್. ಬೀಗ ಹಾಕಿರೋ ಮನೆ ಅಂತ ಬರ್ಕಂಡವ್ರೆ. ಎಂಟ್ನೇ ಸಂಜೆ ಮೀಟ್ರು ಹೆಂಗೆದ್ದೈತೆ ಅಂದ್ರೆ, ಕಳ್ರು ನುಗ್ಗವ್ರೇನೋ ಅಂದ್ಕಂಡ್ರು ಆಪೀಸ್ನಾಗೆ. ದೀಪ, ಫ್ಯಾನು ಹಾಕ್ಕಳಿ ಅಂತ ನಾನವತ್ತೇ ಬಡ್ಕಂಡೆ."

ಮೊದಲ ಬಹುಮಾನ ರಘುರಾಮರಿಗೆ. ಆರು ಸಂಜೆ ಮನೆಗೆ ಬೀಗ ಹಾಕಿಕೊಂಡು ಶೋಕಿಸಿದ್ದರ ಫಲ. ಎರಡನೆಯದು ನಮ್ಮ ಮನೆಗೆ ಬಂತು. ಲಲಿತಮ್ಮ ಅದನ್ನು ನಡುಮನೆಯ ಗೋಡೆಗೆ, ಎದುರುಮನೆಯ ಕಿಟಕಿಗೆ ಸರಿಯಾಗಿ ಕಾಣುವಂತೆ ನೇತುಹಾಕಿದ್ದಾಳೆ.

ಅಂದು ಸಂಜೆ ರಘುರಾಮ್ ತಮ್ಮ ಪ್ರಶಸ್ತಿಪತ್ರ ಹಿಡಿದು ಸಂಕೋಚದಿಂದಲೇ ಪಕ್ಕದ ಮನೆಗೆ ಹೋದರು. ನಾನೂ ಅಲ್ಲಿದ್ದೆ. "ಇದರಲ್ಲಿ ಅರ್ಧ ನಿಮ್ಮದು, ಅಮ್ಮ" ಎಂದರು. ಚೆಲುವಾಂಬನವರು ಅದನ್ನು ಕೈಗೆ ತೆಗೆದುಕೊಂಡು, ಕನ್ನಡಕವಿಲ್ಲದೆ, ಅಕ್ಷರ ಅಕ್ಷರ ಗಟ್ಟಿಯಾಗಿ ಓದಿದರು. ಎರಡು ತಪ್ಪು ತೋರಿಸಿದರು. "ಮುಂದಿನ ವರ್ಷ ನಿನ್ನ ಸರದಿ ತಾನೆ? ಅದನ್ನೂ ನೋಡ್ತೀನಿ. ಡಬರಿ ಹೊತ್ತು ಅಭ್ಯಾಸ ಮಾಡ್ತಿರು" ಎಂದರು. ನಡುಮನೆಯ ದೀಪಗಳೆಲ್ಲ ಉರಿಯುತ್ತಿದ್ದವು. ಸಂಪತ್ಕುಮಾರರು ಯಾವುದನ್ನೂ ಆರಿಸಲಿಲ್ಲ.

ಕಾಫಿ ಕುಡಿದು ರಘುರಾಮ್ ಎದ್ದರು. ಮೆಟ್ಟಿಲಿಳಿದು ಗೇಟಿನ ತನಕ ಹೋದವರು ಏನೋ ನೆನಪಾಗಿ ನಿಂತರು. ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದು ಮುದುಕಿಯ ಎದುರಿಗೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು:

"ಅಮ್ಮ, ಹೋಗಿ ಬರ್ತೀನಿ!"